ಮಾಮನದ್ದು ಮೊದಲು

ಮೀನು ಮಾರುವವನ ಮಗಳು ಮೀನಿನ ಕಾಲೇಜಿಗೇ ಹೋಗುತ್ತೇನೆ ಎಂದರೆ ಮನೆಯವರು ಏನು ಮಾಡಬೇಕು? ನಾನು ನಕ್ಕುಬಿಟ್ಟೆ. ನನ್ನ ಮಗ ಅಸ್ಕರ್ ಉಣ್ಣುತ್ತಿದ್ದ ತಟ್ಟೆಯನ್ನು ದೂಡಿ ಎದ್ದು ಹೋದ. ಸೊಸೆ ಸಫಿಯಾ ಸೌಟು ಹಿಡಿದವಳು ಹಿಡಿದ ಹಾಗೆಯೇ ನಿಂತು, "ಅಲ್ಲಾ, ಇಚ್ಚನಿಗೆ ಎಂತ ಹೇಳುದು ಇನ್ನು?" ಎಂದಳು. ಇಚ್ಚ ಎಂದರೆ ಅವಳ ಅಣ್ಣ, ಪುತ್ತೂರಿನ ಸಾಹುಲ್ ಹಮೀದ್. ಹೇಳಿದವಳು ಮಾತ್ರ, ನನ್ನ ಮೊಮ್ಮಗಳು ರಸೀನಾ, ಬೂತಾಯಿಯ ಮುಳ್ಳು ಬಿಡಿಸುತ್ತಾ ಕೂತಿದ್ದಳು.

ನನ್ನ ಹೆಸರು ಅಲಿ ಕುಂಞಿ. ಉಪ್ಪಿನಂಗಡಿಯ ಸುತ್ತ ಸೈಕಲಿನಲ್ಲಿ ಮೀನು ಮಾರಿದವನು. ನನ್ನ ಹಾರ್ನು ಕೇಳಿದರೆ ಮೊದಲು ಬೆಕ್ಕುಗಳು ಗೇಟಿಗೆ ಬರುತ್ತಿದ್ದವು, ಆಮೇಲೆ ಹೆಂಗಸರು. ಈಗ ಅದೇ ಗೇಟುಗಳಿಗೆ ಅಸ್ಕರ್ ಪಿಕಪ್ಪಿನಲ್ಲಿ ಹೋಗುತ್ತಾನೆ. ಬೆಳಗಿನ ಬಾಂಗ್ ಆಗುವ ಮೊದಲೇ ಮಂಗಳೂರು ಬಂದರಿನ ಧಕ್ಕೆಗೆ ಹೋಗಿ ಮೀನು ತರುವುದು, ಮಧ್ಯಾಹ್ನದವರೆಗೆ ಮಾರುವುದು, ಮತ್ತೆ ಅಂಗಳದ ನಳ್ಳಿಯ ಹತ್ತಿರ ಪೆಟ್ಟಿಗೆ ತೊಳೆಯುವುದು. ಪೆಟ್ಟಿಗೆ ತೊಳೆದ ಮೇಲೆ ಕೈಗೆ ಲಿಂಬೆ ಹುಳಿ ತಿಕ್ಕುತ್ತಾನೆ, ಮತ್ತೆ ಸಾಬೂನು, ಮತ್ತೆ ಲಿಂಬೆ. ನಾನು ಆಯುಷ್ಯದಲ್ಲಿ ಒಮ್ಮೆಯೂ ತಿಕ್ಕಿದವನಲ್ಲ. ಅವನಿಗೆ ಆ ವಾಸನೆ ನಾಚಿಕೆ.

ಅದಕ್ಕೇ ಅವನು ಮಗಳ ಕಾಲೇಜಿನ ಗೇಟು ದಾಟಿದವನಲ್ಲ. ಪಿಯುಸಿ ಮುಗಿದು, ಸಿಇಟಿ ರ‍್ಯಾಂಕು ಬಂದ ಮೇಲೆ, ಮುಂದೇನು ಎಂದು ತಿಳಿಸಲಿಕ್ಕೆ ಕಾಲೇಜಿನವರು ತಂದೆ ತಾಯಂದಿರನ್ನು ಕರೆದರು. ಹೋದದ್ದು ನಾನು ಮತ್ತು ಸಫಿಯಾ. ಜೀವಶಾಸ್ತ್ರ ಕಲಿಸುವ ಗಾನಶ್ರೀ ಮ್ಯಾಡಂ ಬೋರ್ಡಿನ ಮೇಲೆ ಒಂದು ಏಣಿ ಬರೆದರು.

"ನೋಡಿ, ಇದರಲ್ಲಿ ಗುಟ್ಟೆಂತ ಇಲ್ಲ. ಇಂಜಿನಿಯರಿಂಗ್, ಕೃಷಿ, ನರ್ಸಿಂಗ್, ಮೀನುಗಾರಿಕೆ ಎಲ್ಲ ಒಂದೇ ಪಟ್ಟಿಯಲ್ಲಿ ಹಾಕುದು. ತುಂಬ ಬೇಕಾದ್ದು ಎಲ್ಲಕ್ಕಿಂತ ಮೇಲೆ. ಸಿಇಟಿಯವರು ಮೇಲಿಂದ ನೋಡ್ತಾ ಬರ್ತಾರೆ. ನಿಮ್ಮ ರ‍್ಯಾಂಕಿಗೆ ಯಾವುದು ಮೊದಲು ಸಿಕ್ತದೋ ಅಲ್ಲಿಗೇ ನಿಲ್ತಾರೆ. ಕೆಳಗೆ ಎಂತ ಉಂಟು ಅಂತ ಮತ್ತೆ ನೋಡುದೇ ಇಲ್ಲ. ಹಾಗಾಗಿ ಯಾರ ಮುಲಾಜಿಗೂ ಒಂದನ್ನೂ ಮೇಲೆ ಹಾಕ್ಬೇಡಿ."

ಸಫಿಯಾ ತಲೆ ಆಡಿಸಿದಳು. ನಾನೂ ಆಡಿಸಿದೆ. ಅಷ್ಟು ಚಂದ ಮಾಡಿ ಹೇಳಿದವರಿಗೆ ತಲೆ ಆಡಿಸದಿದ್ದರೆ ಹೇಗೆ?

ಆ ರಾತ್ರಿಯ ಊಟಕ್ಕೇ ರಸೀನಾ ತನ್ನ ಮೀನಿನ ಕಾಲೇಜಿನ ಮಾತು ತೆಗೆದದ್ದು. ಎದ್ದು ಹೋದ ಅಸ್ಕರ್ ಕೈ ತೊಳೆದು ಮತ್ತೆ ಬಂದ. ಅವನ ಸಿಟ್ಟು ಹಾಗೆ, ಅರ್ಧ ದಾರಿಗೆ ಹೋಗಿ ಇನ್ನೊಂದು ಮಾತು ನೆನಪಾಗಿ ತಿರುಗಿ ಬರುತ್ತದೆ.

"ನಾನು ಕಾಲೇಜಿಗೆ ಯಾಕೆ ಬರುದಿಲ್ಲ ಗೊತ್ತುಂಟಾ ನಿನಗೆ?"

"ಗೊತ್ತುಂಟು ಉಪ್ಪ."

"ಅಜ್ಜನಿಗೆ ವಾಸನೆ, ನನಗೆ ವಾಸನೆ. ನಿನಗೆ ಬೇಡ ಅಂತಲೇ ಅಲ್ಲವಾ ಓದಿಸಿದ್ದು? ಓದಿ ಓದಿ ಕಡೆಗೆ ಅದೇ ಪೆಟ್ಟಿಗೆಯೊಳಗೆ ಕೈ ಹಾಕ್ತೇನೆ ಅಂತೀಯಲ್ಲ!"

"ಉಪ್ಪ, ಬಂಗುಡೆ ಯಾಕೆ ವರ್ಷವರ್ಷ ಸಣ್ಣದಾಗ್ತಾ ಬಂತು?"

"ಎಂತ?"

"ಅಜ್ಜ ಹೇಳ್ತಾರೆ ಮೊದಲು ಬಂಗುಡೆ ಅಂಗೈಯಿಂದ ಹೊರಗೆ ಬರ್ತಿತ್ತು ಅಂತ. ಈಗ ಬೆರಳಷ್ಟು ಉದ್ದದ್ದು ತರ್ತೀರಿ. ಯಾಕೆ?"

"ಸಮುದ್ರದಲ್ಲಿ ಇಲ್ಲ, ಅದಕ್ಕೆ."

"ಯಾಕೆ ಇಲ್ಲ?"

ಅಸ್ಕರ್ ನನ್ನ ಮುಖ ನೋಡಿದ. ನಾನು ಗಂಜಿಯ ಬಟ್ಟಲು ನೋಡಿದೆ. "ನಿಮಗೂ ಗೊತ್ತಿಲ್ಲ, ಅಜ್ಜನಿಗೂ ಗೊತ್ತಿಲ್ಲ. ಗೊತ್ತಿರುವವರು ಅಲ್ಲಿದ್ದಾರೆ. ಅದಕ್ಕೆ ಹೋಗುದು," ಎಂದು ಹುಡುಗಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಇನ್ನು ಸಾಹುಲ್ ಹಮೀದನ ವಿಷಯ. ತಂದೆ ತೀರಿದಾಗ ಅವನು ಕಾಲೇಜಿನ ಮೊದಲ ವರ್ಷದಲ್ಲಿದ್ದ. ಪುಸ್ತಕ ಕಟ್ಟಿಟ್ಟು ಸೌದಿಗೆ ಹೋದ. ತಂಗಿಯರನ್ನೆಲ್ಲ ಮದುವೆ ಮಾಡಿಸಿ, ತನ್ನದನ್ನು ಎಲ್ಲಕ್ಕಿಂತ ಕಡೆಗೆ ಮಾಡಿಕೊಂಡ. ಈಗ ಪುತ್ತೂರಿನಲ್ಲಿ ಬಟ್ಟೆಯಂಗಡಿ. ನಮ್ಮ ಮನೆಯಲ್ಲಿ ಅವನನ್ನು ಕೇಳದೆ ಒಂದು ಕಲ್ಲು ಎತ್ತಿಟ್ಟದ್ದಿಲ್ಲ. ಬಾವಿಗೆ ಜಾಗ ತೋರಿಸಿದ್ದು ಅವನು, ರಸೀನಾಳಿಗೆ ಹೆಸರಿಟ್ಟದ್ದು ಅವನು. ಸಿಇಟಿಗೆ ಅರ್ಜಿ ಹಾಕುವಾಗ ಫೋನ್ ನಂಬರು ಕೇಳಿದ್ದಕ್ಕೆ ಅಸ್ಕರ್, "ಮಾಮನದ್ದೇ ಕೊಡು, ದೊಡ್ಡವರ ನಂಬರ್ ಇರಲಿ," ಎಂದು ಅವನ ನಂಬರನ್ನೇ ಕೊಡಿಸಿದ್ದ.

ಅವನು ಭಾನುವಾರ ಊಟಕ್ಕೆ ಬಂದರೆ ಸಫಿಯಾ ಅಂಜಲ್ ಮೀನಿನ ಸಾರು ಮಾಡುತ್ತಾಳೆ. ಅಂಜಲಿನ ತಲೆ ಮೊದಲು ಅವನ ತಟ್ಟೆಗೆ. ಅವನು "ಬಿಸ್ಮಿಲ್ಲಾ" ಎಂದು ಅದನ್ನು ಎರಡು ಬೆರಳಲ್ಲಿ ಎತ್ತಿ ರಸೀನಾಳ ತಟ್ಟೆಗೆ ಹಾಕುತ್ತಾನೆ. ಅವಳಿಗೆ ಹಲ್ಲು ಬಂದಾಗಿನಿಂದ ಹೀಗೆಯೇ. ತಲೆ ಅವಳಿಗೇ ಎಂದು ಎಲ್ಲರಿಗೂ ಗೊತ್ತು, ಆದರೆ ಅವನ ತಟ್ಟೆಯ ಮೇಲಿಂದಲೇ ಹೋಗಬೇಕು.

ಮೀನಿನ ಕಾಲೇಜಿನ ಮಾತು ಎದ್ದ ವಾರದ ಭಾನುವಾರವೂ ತಲೆ ದಾಟಿಸಿ, "ತಿನ್ನು ಮಗಳೇ, ತಲೆಗೆ ಒಳ್ಳೆಯದು. ಇನ್ನು ಕಂಪ್ಯೂಟರ್ ಸೈನ್ಸ್ ಅಂದ್ರೆ ತಲೆಯದ್ದೇ ಕೆಲಸ," ಎಂದ.

ಸಫಿಯಾ ಅವನಿಗೆ ಇನ್ನಷ್ಟು ಅನ್ನ ಬಡಿಸಿದಳು.

"ಮಂಗಳೂರಲ್ಲೇ ಒಳ್ಳೇ ಕಾಲೇಜು ಉಂಟು. ನಾನು ಹೋಗಿ ನೋಡಿ ಬಂದೆ. ಹಾಸ್ಟೆಲಿನ ಅಡಿಗೆಯೂ ತಿಂದು ನೋಡಿದೆ, ಪರವಾಗಿಲ್ಲ. ನಮ್ಮ ಕುಟುಂಬದಲ್ಲಿ ಮೊದಲನೇ ಇಂಜಿನಿಯರ್! ಅಂಗಡಿಗೆ ಬಂದವರಿಗೆಲ್ಲ ಹೇಳಿ ಆಯ್ತು ನಾನು."

ಅವನು ಹೋದ ಮೇಲೆ ರಸೀನಾ ನನ್ನ ಹತ್ತಿರ ಬಂದು ಕೂತಳು. "ಅಜ್ಜ, ನನಗೆ ಎಂತ ಬೇಕು ಅಂತ ಮಾಮ ಒಮ್ಮೆಯೂ ಕೇಳ್ಲಿಲ್ಲ."

"ನೀನು ಹೇಳ್ಲೂ ಇಲ್ಲ."

"ಹೇಗೆ ಹೇಳುದು? ಬಾಯಿ ತುಂಬ ಅವರು ಕೊಟ್ಟ ತಲೆ ಇತ್ತು."

ಅಸ್ಕರ್ ಬದಲಾದದ್ದು ಒಂದು ಬುಧವಾರ. ಗಾನಶ್ರೀ ಮ್ಯಾಡಂ ಕೂಡ ಅವನ ಗಿರಾಕಿ. ಅವರ ಗೇಟಿನಲ್ಲಿ ನಡೆದದ್ದನ್ನು ಅವನು ಮಧ್ಯಾಹ್ನ ಉಣ್ಣುವಾಗ ಹೇಳಿದ. ಮ್ಯಾಡಂ ಬೂತಾಯಿ ಆರಿಸುತ್ತಾ, "ಅಸ್ಕರ್, ಮಗಳ ಮೀಟಿಂಗಿಗೆ ಯಾಕೆ ಬರ್ಲಿಲ್ಲ?" ಎಂದು ಕೇಳಿದರಂತೆ. ಇವನು ವಾಸನೆಯ ಸಂಗತಿ ಹೇಳಿದ. ಮ್ಯಾಡಂ ನಕ್ಕು, "ಮಾರಾಯ, ವಾರದಲ್ಲಿ ನಾಲ್ಕು ದಿವಸ ನಾನು ದುಡ್ಡು ಕೊಟ್ಟು ಆ ವಾಸನೆಯನ್ನು ಮನೆಯೊಳಗೆ ತರ್ತೇನೆ. ಕಾಲೇಜಿನಲ್ಲಿ ಮಾತ್ರ ನನ್ನ ಮೂಗಿಗೆ ಎಂತ ಆಗ್ತದೆ?" ಎಂದರಂತೆ.

"ಮತ್ತೆ ನೀನು ಎಂತ ಹೇಳಿದೆ?" ಎಂದು ಕೇಳಿದೆ.

"ಎಂತ ಹೇಳುದು ಉಪ್ಪ? ಎರಡು ಬೂತಾಯಿ ಹೆಚ್ಚು ಹಾಕಿದೆ."

ಆ ದಿನ ಪೆಟ್ಟಿಗೆ ತೊಳೆಯುವಾಗ ರಸೀನಾ ಹೋಗಿ ಬ್ರಶ್ ಹಿಡಿದಳು. ಬೇರೆ ದಿನವಾದರೆ ಅವನು ಓಡಿಸುತ್ತಿದ್ದ. ಅಂದು ಅವಳಿಗೂ ಒಂದು ಪೆಟ್ಟಿಗೆ ದೂಡಿದ. ಸ್ವಲ್ಪ ಹೊತ್ತಿನ ಮೇಲೆ ನೀರಿನ ಶಬ್ದದ ನಡುವೆ ಅವನ ಸ್ವರ ಕೇಳಿಸಿತು: "ಅಲ್ಲಿ ಹುಡುಗಿಯರು ಇದ್ದಾರಾ?"

"ಇದ್ದಾರೆ ಉಪ್ಪ, ಬೇಕಾದಷ್ಟು."

"ಬೋಟಿನಲ್ಲಿ ಸಮುದ್ರಕ್ಕೆ ಕರ್ಕೊಂಡು ಹೋಗ್ತಾರಾ?"

"ಹೋಗ್ತಾರಂತೆ."

"ನಿನಗೆ ಬಸ್ಸಿನಲ್ಲೇ ವಾಂತಿ ಬರ್ತದೆ," ಎಂದ ಅಸ್ಕರ್. ಅದೇ ಒಪ್ಪಿಗೆ. ನಮ್ಮ ಮನೆಯಲ್ಲಿ ಇದಕ್ಕಿಂತ ಸಿಹಿಯಾಗಿ ಯಾರಿಗೂ ಒಪ್ಪಲಿಕ್ಕೆ ಬರುವುದಿಲ್ಲ.

ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ನಾವು ಮುರಳಿಕೃಷ್ಣನ ಕಂಪ್ಯೂಟರ್ ಅಂಗಡಿಗೆ ಹೋದೆವು. ಕಾಲೇಜುಗಳ ಪಟ್ಟಿ ತುಂಬಿಸುವ ದಿನ. ಅಂಗಡಿಯ ತುಂಬ ಮಕ್ಕಳು, ಅಪ್ಪಂದಿರು, ಒದ್ದೆ ಕೊಡೆಗಳು. ರಸೀನಾ ಮೀನುಗಾರಿಕೆಯನ್ನು ಮೊದಲು ಬರೆಯಿಸಿದಳು. ಆಗ ಅಸ್ಕರ್ ಅವಳ ಹೆಗಲಿನ ಮೇಲಿಂದ ಬಗ್ಗಿ ಒಂದು ಮಾತು ಹೇಳಿದ. ಇಡೀ ಊರಿನಲ್ಲಿ ನಮ್ಮಂಥವರಿಗೆ ಮಾತ್ರ ಹೊಳೆಯುವ ಮಾತು ಅದು.

"ಮಾಮನದ್ದು ಮೇಲೆ ಹಾಕು."

"ಉಪ್ಪ! ಮ್ಯಾಡಂ ಹೇಳಿದ್ದು..."

"ಸಿಕ್ಕಿದರೆ ಅಲ್ಲವಾ? ಮುರಳಿ, ಆ ಕಂಪ್ಯೂಟರ್ ಸೀಟು ಇವಳಿಗೆ ಸಿಕ್ತದಾ?"

ಮುರಳಿಕೃಷ್ಣ ಹಿಂದಿನ ವರ್ಷದ್ದನ್ನು ತೆಗೆದು ನೋಡಿದ. "ಹೋದ ವರ್ಷದ ಲೆಕ್ಕದಲ್ಲಿ ಹತ್ತಿರಕ್ಕೂ ಬರುದಿಲ್ಲ."

"ನೋಡು. ಸಿಕ್ಕುದಿಲ್ಲ. ನಾಳೆ ಮಾಮ ಕೇಳಿದರೆ, ನಿಮ್ಮದನ್ನೇ ಮೊದಲು ಹಾಕಿದ್ದೆವು, ನಸೀಬಿನಲ್ಲಿ ಇರ್ಲಿಲ್ಲ ಅಂತ ಹೇಳಬಹುದು. ಅವರ ಮರ್ಯಾದೆಯೂ ಉಳೀತದೆ, ನಿನ್ನ ಮೀನೂ ಸಿಕ್ತದೆ."

ನಮಗೆಲ್ಲ ಅದು ಅಂಜಲಿನ ತಲೆಯ ಹಾಗೆಯೇ ಕಂಡಿತು. ಮೊದಲು ಮಾಮನಿಗೆ ಇಡುವುದು, ಅಲ್ಲಿಂದ ತಾನಾಗಿ ಇವಳ ತಟ್ಟೆಗೆ ಬರುತ್ತದೆ. ರಸೀನಾ ನನ್ನನ್ನು ನೋಡಿದಳು. ನಾನು ತಲೆ ಆಡಿಸಿದೆ. ಮುರಳಿಕೃಷ್ಣ ಏನೋ ಹೇಳಲಿಕ್ಕೆ ಬಾಯಿ ತೆರೆದ, ಅಷ್ಟರಲ್ಲಿ ಹಿಂದಿನಿಂದ ಯಾರೋ, "ಬೇಗ ಮಾರಾಯ್ರೆ, ನಮಗೂ ಮಕ್ಕಳಿದ್ದಾರೆ," ಎಂದರು.

ವಾರ ಕಳೆದು ಅಣಕು ಹಂಚಿಕೆ ಬಂತು. ನಿಜದ ಸೀಟಲ್ಲ, ಈಗಿನ ಪಟ್ಟಿಯಲ್ಲಿ ನಿಮಗೆ ಇಂಥದ್ದು ಸಿಕ್ಕೀತು ಎಂದು ಮೊದಲೇ ತೋರಿಸುವುದು. ಆ ಕಾಲೇಜಿಗೆ ಈ ವರ್ಷ ಸೀಟು ಹೆಚ್ಚು ಮಾಡಿದ್ದರಂತೆ. ರಸೀನಾಳ ಹೆಸರಿನ ಮುಂದೆ ಬಂದದ್ದು ಕಂಪ್ಯೂಟರ್ ಸೈನ್ಸ್.

ಹುಡುಗಿ ಅಳಲಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ನೆನೆಸಿಟ್ಟ ಅಕ್ಕಿ ರುಬ್ಬಲಿಕ್ಕೆ ಹೋದಳು. ಅದು ಗ್ರೈಂಡರಿನಲ್ಲಿ ನೀರು ದೋಸೆಯ ಹದವನ್ನೂ ದಾಟಿ ತಿರುಗುತ್ತಲೇ ಇತ್ತು. ಸಫಿಯಾ ಹೋಗಿ ಸ್ವಿಚ್ಚು ಆರಿಸಿದಳು.

ಗಾನಶ್ರೀ ಮ್ಯಾಡಂ ಫೋನಿನಲ್ಲಿ ಅಸ್ಕರನಿಗೆ ಬೈದದ್ದು ನನಗೆ ಜಗಲಿಯವರೆಗೆ ಕೇಳುತ್ತಿತ್ತು. "ಕಂಪ್ಯೂಟರಿಗೆ ನಿಮ್ಮ ಮಾಮ ಯಾರು, ಮರ್ಯಾದೆ ಎಂತದು ಅಂತ ಗೊತ್ತುಂಟಾ? ಮೇಲೆ ಇದ್ದದ್ದನ್ನು ಕೊಟ್ಟಿತು! ಭಾನುವಾರ ಸಂಜೆಯವರೆಗೆ ಪಟ್ಟಿ ಬದಲಿಸ್ಲಿಕ್ಕೆ ಬಿಡ್ತಾರೆ. ಮೀನುಗಾರಿಕೆಯನ್ನು ಮೇಲೆ ತನ್ನಿ. ಮತ್ತೆ ನನ್ನ ಹತ್ತಿರ ಅಳ್ಬೇಡಿ."

ಬದಲಿಸೋಣ ಎಂದು ಹೊರಟರೆ ಇನ್ನೊಂದು ಗ್ರಹಚಾರ. ಬದಲಿಸಿದ್ದನ್ನು ಉಳಿಸಬೇಕಾದರೆ ಅರ್ಜಿಯಲ್ಲಿ ಕೊಟ್ಟ ನಂಬರಿಗೆ ಒಟಿಪಿ ಬರುತ್ತದೆ. ಆ ನಂಬರು ಯಾರದ್ದು? ಸಾಹುಲ್ ಹಮೀದನದ್ದು. ಅವನಿಗೆ ಗೊತ್ತಾಗದ ಹಾಗೆ ಅವನದ್ದನ್ನು ಕೆಳಗೆ ಇಳಿಸುವ ಹಾಗಿಲ್ಲ. ಅವನಿಗೋ ಅಷ್ಟರಲ್ಲಿ ಅದೇ ನಂಬರಿಗೆ ಕಂಪ್ಯೂಟರ್ ಸೀಟಿನ ಸುದ್ದಿ ಬಂದು, ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಹಲ್ವ ಹಂಚಿ ಆಗಿತ್ತು.

"ನೀವು ಹೇಳಿ," ಎಂದು ಸಫಿಯಾ ಗಂಡನಿಗೆ ಹೇಳಿದಳು.

"ನಿನ್ನ ಅಣ್ಣ. ನೀನು ಹೇಳು."

"ಮೇಲೆ ಹಾಕ್ಲಿಕ್ಕೆ ಹೇಳಿದ್ದು ಯಾರು?"

"ಇಚ್ಚ ಇಚ್ಚ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಕಿವಿ ತಿಂದದ್ದು ಯಾರು?"

"ಉಪ್ಪ ಹೇಳಲಿ, ಅವರು ಹಿರಿಯರು," ಎಂದು ಇಬ್ಬರೂ ಕಡೆಗೆ ನನ್ನ ಕಡೆ ತಿರುಗಿದರು. ಜಗಳ ಆಡುವಾಗ ನಾನು ಕೆಲಸಕ್ಕೆ ಬಾರದ ಮುದುಕ, ಇಂಥದ್ದು ಬಂದಾಗ ಹಿರಿಯ! ಆಗಲಿ, ಭಾನುವಾರ ಊಟಕ್ಕೆ ಕರೆಯಿರಿ, ನಾನು ಹೇಳುತ್ತೇನೆ ಎಂದೆ.

ಭಾನುವಾರ ಬಂತು. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಬೋಟು ಬಂದ್ ಆಗಿರುವ ಕಾಲ. ತಮಿಳುನಾಡಿನ ಕಡೆಯಿಂದ ಐಸಿನಲ್ಲಿ ಬಂದ ಅಂಜಲನ್ನು ಅಸ್ಕರ್ ಹುಡುಕಿ ತಂದಿದ್ದ. ಸಫಿಯಾ ನೈಚೋರು ಮಾಡಿದ್ದಳು, ಆ ತುಪ್ಪದನ್ನದ ಪರಿಮಳಕ್ಕೆ ಪಕ್ಕದ ಮನೆಯ ಮಗು ಎರಡು ಸಲ ಬಂದು ಹೋಯಿತು. ಸಾಹುಲ್ ಹಮೀದ್ ರಸೀನಾಳಿಗೆ ಲ್ಯಾಪ್‌ಟಾಪ್ ಹಾಕುವ ಬ್ಯಾಗು ತಂದಿದ್ದ. ಅದನ್ನು ನೋಡಿದ ಮೇಲೆ, ಹೇಳುತ್ತೇನೆ ಎಂದವನು ಮಳೆಯ ವಿಷಯ ಹೇಳಿದೆ, ನದಿಯಲ್ಲಿ ನೀರು ಏರಿದ್ದು ಹೇಳಿದೆ, ನನ್ನ ಮಂಡಿನೋವಿನ ಎಣ್ಣೆಯ ವಿಷಯ ಹೇಳಿದೆ. ಅಸ್ಕರ್ ಮೇಜಿನ ಅಡಿಯಲ್ಲಿ ನನ್ನ ಕಾಲು ತುಳಿದ. ನಾನು ಎಣ್ಣೆಯ ಬೆಲೆ ಹೇಳಿದೆ.

ಆಗ ಸಫಿಯಾ ಸಾರಿನ ಪಾತ್ರೆ ಹಿಡಿದು ಬಂದಳು. ಸಾಹುಲ್ ಹಮೀದ್ ತಟ್ಟೆಯಲ್ಲಿ ಅನ್ನ ಬದಿಗೆ ಸರಿಸಿ ತಲೆಗೆ ಜಾಗ ಮಾಡಿದ. ಅವಳು ಅವನನ್ನು ದಾಟಿ ಹೋಗಿ, ಅಂಜಲಿನ ತಲೆಯನ್ನು ರಸೀನಾಳ ತಟ್ಟೆಗೆ ಹಾಕಿದಳು.

ಹಾಗೆ ನಮ್ಮ ಮನೆಯಲ್ಲಿ ಆದದ್ದೇ ಇಲ್ಲ.

"ಎಂತ ಸಫಿಯಾ," ಎಂದ ಅವನು ನಕ್ಕು, "ಇವತ್ತು ದಾರಿ ತಪ್ಪಿತಾ?"

"ಇಲ್ಲ ಇಚ್ಚ." ಅವಳು ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ನಿಮಗೆ ಇಟ್ಟರೆ ನೀವು ಅವಳಿಗೇ ಕೊಡ್ತೀರಿ. ಅದು ನನಗೆ ಗೊತ್ತುಂಟು. ಆ ಕಾಲೇಜಿನದ್ದನ್ನೂ ಹಾಗೆಯೇ ನಿಮಗೆ ಅಂತ ಮೇಲೆ ಇಟ್ಟೆವು. ಕಂಪ್ಯೂಟರಿಗೆ ಹಾಗೆ ದಾಟಿಸ್ಲಿಕ್ಕೆ ಬರುದಿಲ್ಲ ಇಚ್ಚ. ಅವಳಿಗೆ ಬೇಕಾದ್ದು ಅದಲ್ಲ."

ಮತ್ತೆ ಎಲ್ಲ ಹೊರಗೆ ಬಂತು. ಮೀನಿನ ಕಾಲೇಜು, ಪಟ್ಟಿ, ಒಟಿಪಿ. ಸಾಹುಲ್ ಹಮೀದ್ ಕೇಳುತ್ತಾ ಅನ್ನವನ್ನು ಕಲಸಿದ, ಬಾಯಿಗೆ ಇಡಲಿಲ್ಲ.

"ಮೀನು ಓದ್ಲಿಕ್ಕಾ ನಾನು ಇಷ್ಟು ಆಸೆ ಇಟ್ಟದ್ದು? ಮಸೀದಿಯಲ್ಲಿ ಕೇಳಿದರೆ ಎಂತ ಹೇಳ್ಲಿ ನಾನು?"

ಉತ್ತರ ಕೊಟ್ಟದ್ದು ಅಸ್ಕರ್. "ಮೀನು ಮಾರುವವನ ಮಗಳು ಅಂತ ಹೇಳಿ ಇಚ್ಚ. ಸುಳ್ಳಲ್ಲವಲ್ಲ."

ರಸೀನಾ ಮೆಲ್ಲನೆ, "ಮಾಮ, ನೀವು ಕಾಲೇಜು ಬಿಟ್ಟಾಗ ಎಂತ ಓದ್ತಾ ಇದ್ದಿರಿ?" ಎಂದು ಕೇಳಿದಳು.

ನಾವು ಯಾರೂ ಇಷ್ಟು ವರ್ಷದಲ್ಲಿ ಅದನ್ನು ಕೇಳಿದವರಲ್ಲ. "ಚರಿತ್ರೆ," ಎಂದ. "ಮೇಷ್ಟ್ರಾಗ್ಬೇಕು ಅಂತ ಇತ್ತು." ಮತ್ತೆ ಎದ್ದು ಕೈ ತೊಳೆದ. ಅರ್ಧ ಉಂಡ ತಟ್ಟೆ ಹಾಗೆಯೇ ಇತ್ತು. "ಅಂಗಡಿಯಲ್ಲಿ ಜನ ಇಲ್ಲ," ಎಂದು ಚಪ್ಪಲಿ ಮೆಟ್ಟಿದ. ಭಾನುವಾರ ಅವನ ಅಂಗಡಿ ಬಾಗಿಲೇ ತೆರೆಯುವುದಿಲ್ಲ.

ಬ್ಯಾಗು ಕುರ್ಚಿಯ ಮೇಲೆ ಉಳಿಯಿತು. ಸಫಿಯಾ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ನಾನು, ಅಸ್ಕರ್, ರಸೀನಾ ಮುರಳಿಕೃಷ್ಣನ ಅಂಗಡಿಗೆ ಹೋದೆವು. ಅಸ್ಕರ್ ಲಿಂಬೆ ತಿಕ್ಕಿರಲಿಲ್ಲ. ಯಾರೂ ಮೂಗು ಮುಚ್ಚಲಿಲ್ಲ.

ಮುರಳಿಕೃಷ್ಣ ಮೀನುಗಾರಿಕೆಯನ್ನು ಮೇಲಕ್ಕೆ ತಂದ. "ಒಟಿಪಿ ಕಳಿಸಲಾ?" ಎಂದ. ರಸೀನಾ ಹೂಂ ಎಂದಳು. ಅವನು ಒತ್ತಿದ.

ಪುತ್ತೂರಿನಲ್ಲಿ ಒಂದು ಫೋನು ಟಿಣ್ ಎಂದಿರಬೇಕು. ನಮ್ಮ ಹತ್ತಿರ ಫ್ಯಾನಿನ ಶಬ್ದ ಮಾತ್ರ.

"ಟೈಮು ಮುಗಿದರೆ ಇನ್ನೊಮ್ಮೆ ಕಳಿಸ್ಬಹುದು," ಎಂದ ಮುರಳಿಕೃಷ್ಣ. ಮುಗಿಯಿತು. ಇನ್ನೊಮ್ಮೆ ಕಳಿಸಿದ. ಅದೂ ಮುಗಿಯಿತು. ಹೊರಗೆ ದೀಪ ಹಾಕುವ ಹೊತ್ತಾಯಿತು. "ನಾನೇ ಫೋನ್ ಮಾಡ್ತೇನೆ," ಎಂದು ಅಸ್ಕರ್ ಎದ್ದ. ರಸೀನಾ ಅವನ ತೋಳು ಹಿಡಿದು ಕೂರಿಸಿದಳು. "ಬೇಡ ಉಪ್ಪ. ಅವರಿಗೆ ಗೊತ್ತುಂಟು. ಕೊಡುದಾದರೆ ಅವರೇ ಕೊಡಲಿ."

ಮೂರನೆಯ ಸಲ ಕಳಿಸಿದಾಗ ರಸೀನಾಳ ಫೋನು ಬಡಿದುಕೊಂಡಿತು. ಅವಳು ಸ್ಪೀಕರಿಗೆ ಹಾಕಿದಳು.

"ಬರ್ಕೋ," ಎಂದಿತು ಆ ಕಡೆಯಿಂದ ಸಾಹುಲ್ ಹಮೀದನ ಸ್ವರ. ಅಂಗಡಿಯಲ್ಲಿ ಬಟ್ಟೆ ಅಳೆಯುವವನ ಹಾಗೆ ಒಂದೊಂದೇ ಅಂಕೆ ಬಿಡಿಸಿ ಹೇಳಿದ. ಮುರಳಿಕೃಷ್ಣ ಒತ್ತಿದ. ಪರದೆಯ ಮೇಲೆ ಹಸಿರು ಗುರುತು ಬಂತು.

"ಆಯ್ತಾ?"

"ಆಯ್ತು ಮಾಮ."

"ನನ್ನದನ್ನು ಪೂರಾ ತೆಗೆದೆಯಾ?"

"ಇಲ್ಲ ಮಾಮ. ಎರಡನೇದು ಉಂಟು."

"ಹಾಂ. ಇರಲಿ." ಮತ್ತೆ, "ಆ ಬ್ಯಾಗಿನೊಳಗೆ ನೀರು ಹೋಗುದಿಲ್ಲ. ಬೋಟಿಗೂ ಆಗ್ತದೆ," ಎಂದು ಫೋನು ಇಟ್ಟ.

ನಿಜದ ಹಂಚಿಕೆಯಲ್ಲಿ ರಸೀನಾಳಿಗೆ ಮೀನುಗಾರಿಕೆಯ ಸೀಟೇ ಸಿಕ್ಕಿತು. ಗಾನಶ್ರೀ ಮ್ಯಾಡಂ ಗೇಟಿನಲ್ಲಿ ಅಸ್ಕರನಿಗೆ ಪಾಯಸ ಕೊಟ್ಟರು, ಅವನು ಅದಕ್ಕೂ ಎರಡು ಬೂತಾಯಿ ಹೆಚ್ಚು ಹಾಕಿ ಬಂದ.

ಅವಳು ಹೊರಡುವ ಮೊದಲಿನ ಭಾನುವಾರ ಸಾಹುಲ್ ಹಮೀದ್ ಊಟಕ್ಕೆ ಬಂದ. ಕರೆದದ್ದಲ್ಲ, ಅವನಾಗಿ ಬಂದದ್ದು. ಸಫಿಯಾ ಸಾರಿನ ಪಾತ್ರೆ ತಂದು ಅಣ್ಣನ ತಟ್ಟೆಗೆ ಅಂಜಲಿನ ತಲೆ ಹಾಕಿದಳು. ಅವನು "ಬಿಸ್ಮಿಲ್ಲಾ" ಎಂದು ಎರಡು ಬೆರಳಲ್ಲಿ ಅದನ್ನು ಎತ್ತಿದ. ರಸೀನಾ ಅಭ್ಯಾಸದಂತೆ ತಟ್ಟೆ ಮುಂದೆ ಹಿಡಿದಳು.

ಅವನು ತಲೆಯನ್ನು ಒಮ್ಮೆ ಆಚೀಚೆ ತಿರುಗಿಸಿ ನೋಡಿ, ಮೆಲ್ಲನೆ ತನ್ನ ತಟ್ಟೆಗೇ ಇಳಿಸಿದ.

"ನೀನು ಇನ್ನು ನಾಲ್ಕು ವರ್ಷ ಮೀನೇ ನೋಡ್ತೀಯಲ್ಲವಾ?" ಎಂದ. "ಇದು ನನಗಿರಲಿ. ಹೇಗಿರ್ತದೆ ಅಂತ ನಾನು ತಿಂದೇ ನೋಡ್ಲಿಲ್ಲ."